ಮೇಷ್ಟ್ರ ಕಾರಿನ ನಾಲ್ಕನೇ ಹ್ಯಾಂಡಲ್

ಹೊಳೆನರಸೀಪುರದ ಡ್ರಾಯಿಂಗ್ ಮೇಷ್ಟ್ರು ಚಂದ್ರಮೌಳಿಯವರ ಅಂಬಾಸಿಡರ್ ಕಾರಿನಲ್ಲಿ ಎಲ್ಲವೂ ಇತ್ತು, ಕಿಟಕಿಯ ಗಾಜು ಏರಿಸುವ ಹ್ಯಾಂಡಲ್ ಒಂದನ್ನು ಬಿಟ್ಟು. ಅವರ ತಂದೆ ಜವಳಿ ವ್ಯಾಪಾರದ ಒಳ್ಳೆಯ ಕಾಲದಲ್ಲಿ ಕೊಂಡ ಕಾರು ಅದು. ನಾಲ್ಕು ಬಾಗಿಲಿಗೆ ನಾಲ್ಕಿದ್ದ ಹ್ಯಾಂಡಲುಗಳು ಕ್ರಮೇಣ ಒಂದಕ್ಕಿಳಿದು, ಆ ಒಂದು ಪಂಕ್ತಿಯ ಉಪ್ಪಿನಕಾಯಿಯ ಹಾಗೆ ಸೀಟಿನಿಂದ ಸೀಟಿಗೆ ಕೈ ಬದಲಾಯಿಸುತ್ತಿತ್ತು. ಐದು ವರ್ಷದ ಹಿಂದೆ ಅದೂ ಎಲ್ಲೋ ಬಿದ್ದುಹೋಯಿತು. ಕೆಳಗಿದ್ದ ಗಾಜುಗಳು ಕೆಳಗೇ ಉಳಿದವು. ಮಳೆ ಬಂದರೆ ಮೇಷ್ಟ್ರು ಕಾರು ತೆಗೆಯುತ್ತಿರಲಿಲ್ಲ, ಅಷ್ಟೇ.

ಭಾನುವಾರ ಬೆಳಿಗ್ಗೆ ಏಳಕ್ಕೇ ಸಂಗೀತ ಸಭಾದ ಕಾರ್ಯದರ್ಶಿ ಪರಮಶಿವಯ್ಯ ಬಂದು ಬಾಗಿಲು ಬಡಿದರು.

"ಮೇಷ್ಟ್ರೇ, ಇವತ್ತಿನ ಕಛೇರಿಗೆ ವಿದ್ವಾಂಸರು ನಿಮ್ಮ ಕಾರೇ ಬೇಕು ಅಂತ ಹಠ ಹಿಡಿದಿದಾರಂತೆ. ಮಧ್ಯಾಹ್ನ ಎರಡಕ್ಕೆ ರುದ್ರಪಟ್ಟಣದಲ್ಲಿ ಅವರ ಮನೆ ಮುಂದಿರಿ."

ಮೇಷ್ಟ್ರಿಗೆ ತಮ್ಮ ಕಿವಿಯನ್ನೇ ನಂಬಲಾಗಲಿಲ್ಲ. ಮೂರು ವರ್ಷದ ಹಿಂದೆ ಬಾಡಿಗೆ ಕಾರು ಕೈಕೊಟ್ಟು, ಎಂಬತ್ತರ ಹತ್ತಿರದ ಆ ಹಿರಿಯ ಗಾಯಕರನ್ನು ಇವರೇ ಕರೆತಂದಿದ್ದರು. ದಾರಿಯುದ್ದಕ್ಕೂ ಗಾಳಿ. ಶಿಷ್ಯ ಅಶೋಕ ಗುರುಗಳ ಕೊರಳಿಗೆ ಮಫ್ಲರ್ ಸುತ್ತುತ್ತಾ "ಶಾರೀರ ಕೆಟ್ರೆ ಯಾರ್ರೀ ಹೊಣೆ?" ಎಂದು ಮೇಷ್ಟ್ರನ್ನು ಗದರಿದ್ದೇ ಗದರಿದ್ದು. ವಿದ್ವಾಂಸರೇನೋ ಆ ಸಂಜೆ ಮೂರು ಗಂಟೆ ಅದ್ಭುತವಾಗಿ ಹಾಡಿದರು. ಆದರೆ ಅಶೋಕನ ದೂರಿನ ಮೇಲೆ ಸಭಾದವರು ತಮ್ಮ ಸ್ವಯಂಸೇವಕರಾಗಿದ್ದ ಮೇಷ್ಟ್ರನ್ನು ಮರುವರ್ಷದಿಂದ ಚಪ್ಪಲಿ ಸ್ಟ್ಯಾಂಡಿಗೆ ಹಾಕಿದರು. ಚಪ್ಪಲಿ ಕಾಯುವುದು ಕೀಳೆಂದು ಅವರು ಎಂದೂ ಅಂದುಕೊಂಡವರಲ್ಲ. ಆದರೆ ಸಭಾಂಗಣದ ಹಿತ್ತಲಿನಲ್ಲಿದ್ದ ಆ ಜಾಗಕ್ಕೆ ಜನರೇಟರ್ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಕಲಾವಿದರನ್ನು ಕರೆತಂದವರಿಗೆ ಮಾತ್ರ ಮೊದಲ ಸಾಲಿನಲ್ಲಿ ಕುರ್ಚಿ. ಸಂಗೀತವೆಂದರೆ ಪ್ರಾಣ ಬಿಡುವ ಮೇಷ್ಟ್ರು ಆ ಕುರ್ಚಿಗಾಗಿ ಏನು ಮಾಡಲೂ ಸಿದ್ಧರಿದ್ದರು.

"ಆದ್ರೆ ಅಶೋಕಂದು ಒಂದೇ ಷರತ್ತು," ಎಂದರು ಪರಮಶಿವಯ್ಯ. "ನಾಲ್ಕೂ ಗಾಜು ಭದ್ರವಾಗಿ ಮುಚ್ಚಿರಬೇಕು. ಇಲ್ದಿದ್ರೆ ನಿಮ್ಮ ಜಾಗ ನಿಮಗೆ ಗೊತ್ತಲ್ಲ."

ಮೇಷ್ಟ್ರು ಸ್ನಾನವನ್ನೂ ಮಾಡದೆ ಮೆಕ್ಯಾನಿಕ್ ಪಾಪಯ್ಯನ ಶೆಡ್ಡಿಗೆ ಓಡಿದರು. ಪಾಪಯ್ಯ ಹಳೇ ಡಬ್ಬವೊಂದನ್ನು ತಡಕಿ ನಾಲ್ಕು ಹ್ಯಾಂಡಲು, ನಾಲ್ಕು ಪಿನ್ನು ಕೊಟ್ಟ.

"ನೀವೇ ಆಕ್ಕಳಿ ಸಾ. ನಾನು ಟ್ರ್ಯಾಕ್ಟರ್ ಒಟ್ಟೆ ಬಿಚ್ಚಿ ಕೂತಿವ್ನಿ. ಇದ್ರ ಇಂದ್ಗಡೆ ಸ್ಪ್ರಿಂಗ್ ಬಿಲ್ಲೆ ಒತ್ತಿ ಇಡ್ಕಬೇಕು, ಇದ್ರದ್ದೂ ಬಾಗ್ಲು ಕಡ್ಡೀದೂ ಎಲ್ಡು ತೂತೂ ಒಂದೇ ನ್ಯಾರಕ್ಕೆ ಬಂದಾಗ ಪಿನ್ ತೂರಿಸ್ಬೇಕು. ಅಷ್ಟೇಯ."

ಆ ಕೆಲಸಕ್ಕೆ ಮೂರು ಕೈ ಬೇಕೆಂದು ಪಾಪಯ್ಯ ಹೇಳಿರಲಿಲ್ಲ. ಮನೆ ಮುಂದೆ ಕಾರಿನೊಳಗೆ ಕೂತು ಮೇಷ್ಟ್ರು ಬಿಲ್ಲೆ ಒತ್ತಿದರೆ ಹ್ಯಾಂಡಲ್ ಜಾರುತ್ತಿತ್ತು, ಹ್ಯಾಂಡಲ್ ಹಿಡಿದರೆ ಸ್ಪ್ರಿಂಗ್ ಬಿಲ್ಲೆಯನ್ನು ಈಚೆಗೆ ನೂಕುತ್ತಿತ್ತು. ಮೇಷ್ಟ್ರ ಪಾಡು ನೋಡಿ ಪಕ್ಕದ ಮನೆಯ ಕೆಂಪಣ್ಣ ಕಾಫಿ ಲೋಟದ ಸಮೇತ ಬಂದುಬಿಟ್ಟ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಆಸಾಮಿ, ಚಕ್ರವಿರುವ ಯಾವುದೇ ವಸ್ತುವಿನ ಬಗ್ಗೆ ಅವನದೇ ಕೊನೆಯ ಮಾತು.

ಇಬ್ಬರೂ ಸೇರಿ ಒಂದೂವರೆ ಗಂಟೆಯಲ್ಲಿ ಎರಡು ಹ್ಯಾಂಡಲ್ ಕೂರಿಸಿದರು. ಕೆಂಪಣ್ಣ ಹಿಂದೆ ಸರಿದು ನೋಡಿ ತಲೆಯಾಡಿಸಿದ.

"ಇಲ್ಲ ಕಣ್ ಮೇಷ್ಟ್ರೆ, ಎಡವಟ್ಟಾಯ್ತು. ಗಾಜು ಮುಚ್ಚಿದಾಗ ಇದರ ಮೂತಿ ಮುಂದ್ಕಿರ್ಬೇಕು. ಇಂಗೇ ಬುಟ್ರೆ ಮಂಡಿಗೆ ಒಡೀತದೆ."

"ಯಾರ ಮಂಡಿಗೆ?"

"ವಿದ್ವಾಂಸ್ರ ಮಂಡಿಗೆ!"

ಎರಡನ್ನೂ ಕಿತ್ತು ಮತ್ತೆ ಹಾಕಿದ್ದಾಯಿತು. ಹನ್ನೆರಡಕ್ಕೆ ಮೂರನೆಯದು ಕೂತಿತು. ನಾಲ್ಕನೆಯದು ಹಿಂದಿನ ಎಡಬಾಗಿಲು, ವಿದ್ವಾಂಸರು ಕೂರುವ ಜಾಗ. "ಬುಡಿ, ಇದ ನಾನೇ ಮಾಡ್ತೀನಿ" ಎಂದು ಕೆಂಪಣ್ಣ ಪಿನ್ನನ್ನು ತುಟಿಗೆ ಕಚ್ಚಿಕೊಂಡು ಬಗ್ಗಿದ. ಅಷ್ಟರಲ್ಲಿ ಸೀನು ಬಂತು. ಪಿನ್ನು ಚಿಮ್ಮಿ ಚರಂಡಿಗೆ ಬಿತ್ತು.

"ಯಾವ ಪಿನ್ನಾದ್ರೇನು?" ಎಂದು ಕೆಂಪಣ್ಣ ತುಟಿ ಒರೆಸಿಕೊಂಡ. ಮೇಷ್ಟ್ರು ಅಳು ಬಂದವರಂತೆ ಹೆಂಡತಿಯ ಕಡೆ ನೋಡಿದರು. ಬೆಳಗಿನಿಂದ ಹೊಸಿಲಿನ ಮೇಲೆ ನಿಂತು ಇದೆಲ್ಲ ನೋಡುತ್ತಿದ್ದ ನೇತ್ರಾ ತುರುಬಿನಿಂದ ಹೇರ್‌ಪಿನ್ ತೆಗೆದುಕೊಟ್ಟಳು. ಅದು ಕೂತಿತು. ಗಾಜು ಸರಾಗವಾಗಿ ಮೇಲೇರಿತು.

"ಇದೊಂದನ್ನ ಜಾಸ್ತಿ ಅಲ್ಲಾಡಿಸಬೇಡಿ, ಕಿತ್ತು ಬರುತ್ತೆ," ಎಂದಳು ನೇತ್ರಾ.

ರುದ್ರಪಟ್ಟಣದಲ್ಲಿ ಅಶೋಕ ನಾಲ್ಕೂ ಹ್ಯಾಂಡಲನ್ನು ತಾನೇ ತಿರುಗಿಸಿ ನೋಡಿ "ಪರ್ಫೆಕ್ಟ್ ಸಾರ್" ಎಂದ. ಮೇಷ್ಟ್ರಿಗೆ ಮೊದಲ ಸಾಲಿನ ಕುರ್ಚಿ ಕಣ್ಣಿಗೆ ಕಟ್ಟಿತು. ಏಪ್ರಿಲ್ ತಿಂಗಳ ಬಿಸಿಲು, ಎ.ಸಿ. ಇಲ್ಲದ ಕಾರು, ನಾಲ್ಕೂ ಗಾಜು ಭದ್ರ. ಹತ್ತು ನಿಮಿಷದಲ್ಲಿ ಒಳಗೆ ಇಡ್ಲಿ ಪಾತ್ರೆಯ ಹಬೆ ತುಂಬಿತು. ಮಫ್ಲರಿನೊಳಗಿನ ವಿದ್ವಾಂಸರ ಮುಖ ಕೆಂಪಗಾಗುತ್ತಿತ್ತು.

ಕೇರಳಾಪುರದಲ್ಲಿ ಫ್ಲಾಸ್ಕಿಗೆ ಬಿಸಿನೀರು ತುಂಬಿಸಲು ಅಶೋಕ ಇಳಿದುಹೋದ. ಆಗ ವಿದ್ವಾಂಸರು ಮುಂದಕ್ಕೆ ಬಾಗಿದರು.

"ಮೇಷ್ಟ್ರೇ, ಇದು ಅದೇ ಕಾರು ತಾನೆ?"

"ಅದೇ, ಸ್ವಾಮಿ. ಈಗ ಹ್ಯಾಂಡಲ್ ಹಾಕಿದೀನಿ. ಇನ್ನು ಒಂದು ಎಳೆ ಗಾಳಿ ಬರಲ್ಲ."

"ಯಾಕ್ರೀ ಹಾಕಿದ್ರಿ?" ಎಂದರು ಮುದುಕರು. "ಹದಿನೈದು ವರ್ಷದಿಂದ ನನ್ನನ್ನ ಗಾಜಿನೊಳಗೆ ಉಪ್ಪು ಹಾಕಿ ಇಟ್ಟಿದಾರೆ. ಆವತ್ತು ನಿಮ್ಮ ಕಾರಲ್ಲಿ ಗಾಜು ಏಳಲಿಲ್ಲ ನೋಡಿ, ಮುಖಕ್ಕೆ ಗಾಳಿ ಬಡೀತು, ಗದ್ದೆ ವಾಸನೆ ಬಂತು. ಅದಕ್ಕೇ ಆ ಸಂಜೆ ಹಾಗೆ ಹಾಡಿದ್ದು. ಮೂರು ವರ್ಷ ಕಾದು, ಊಟ ಬಿಡ್ತೀನಿ ಅಂತ ಹಠ ಹಿಡಿದು ನಿಮ್ಮ ಕಾರು ಕೇಳಿದೆ."

ವಿದ್ವಾಂಸರು ತಾವೇ ಹ್ಯಾಂಡಲ್ ತಿರುಗಿಸಿ ಗಾಜನ್ನು ಪೂರ್ತಿ ಇಳಿಸಿದರು. ಆಮೇಲೆ ತಂಬೂರಿಯ ಬಿರಟೆ ಪರೀಕ್ಷಿಸುವ ಹಾಗೆ ಹ್ಯಾಂಡಲನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ಅಲ್ಲಾಡಿಸಿ ಎಳೆದರು. ಹೇರ್‌ಪಿನ್ ಸಮೇತ ಕೈಗೆ ಬಂತು. ಅದನ್ನು ಜುಬ್ಬದ ಜೇಬಿಗೆ ಇಳಿಬಿಟ್ಟರು.

"ಅಶೋಕನಿಗೆ ಹೇಳ್ಬೇಡಿ. ಮಗನಿಗಿಂತ ಹೆಚ್ಚಾಗಿ ನೋಡ್ಕೋತಾನೆ, ನೊಂದ್ಕೋತಾನೆ. ಮಾತು ಕೊಡಿ."

ಮೇಷ್ಟ್ರು ಮಾತು ಕೊಟ್ಟರು. ಬೇರೇನು ತಾನೇ ಮಾಡಿಯಾರು?

ಅಶೋಕ ಬಂದು ನೋಡುತ್ತಾನೆ, ಗಾಜು ಪಾತಾಳದಲ್ಲಿದೆ, ಹ್ಯಾಂಡಲ್ ಮಾಯವಾಗಿದೆ, ಗುರುಗಳು ಕಣ್ಣುಮುಚ್ಚಿ ನಿದ್ದೆ ಮಾಡುತ್ತಿದ್ದಾರೆ. "ಏನ್ರೀ ಇದು?" ಎಂದು ಕಿರುಚಿದ. "ಹಳೇ ಗಾಡಿ, ಕಿತ್ತು ಬಂತು" ಎಂದು ಮೇಷ್ಟ್ರು ಗೊಣಗಿದರು. ಅಶೋಕ ಅಲ್ಲಿಂದಲೇ ಪರಮಶಿವಯ್ಯನವರಿಗೆ ಫೋನ್ ಹಚ್ಚಿದ. ಉಳಿದ ದಾರಿಯುದ್ದಕ್ಕೂ ಅವನ ಬೈಗುಳ ಮತ್ತು ಗದ್ದೆಯ ಗಾಳಿ ಎರಡೂ ಒಂದೇ ಸಮನೆ ಬೀಸುತ್ತಿದ್ದವು. ಮುದುಕರ ತುಟಿಯಂಚಿನಲ್ಲಿ ಮಾತ್ರ ಸಣ್ಣ ನಗುವಿತ್ತು.

ಸಭಾಂಗಣದ ಬಾಗಿಲಲ್ಲೇ ಪರಮಶಿವಯ್ಯ ಕಾದಿದ್ದರು. "ಮೇಷ್ಟ್ರೇ, ಬೇಜಾರ್ ಮಾಡ್ಕೋಬೇಡಿ. ಮುಂದಿನ ಸಾಲು ತುಂಬಿದೆ. ಚಪ್ಪಲಿ ಹತ್ರ ಯಾರೂ ಇಲ್ಲ."

ಐದಕ್ಕೆ ಶುರುವಾದ ಕಛೇರಿ ಎಂಟಕ್ಕೆ ಮುಗಿಯಿತು. ಇಂಥ ಗಾಯನ ಜೀವಮಾನದಲ್ಲಿ ಕೇಳಿರಲಿಲ್ಲವೆಂದು ಜನ ಕಣ್ಣೊರೆಸಿಕೊಳ್ಳುತ್ತಾ ಈಚೆ ಬಂದರು. ಮೇಷ್ಟ್ರು ಜನರೇಟರ್ ಪಕ್ಕದಲ್ಲಿ ಕೂತು ಅವರ ಮುಖಗಳನ್ನು ನೋಡಿದರು. ಅವರಿಗೆ ತುಂಬ ಸಂಕಟವಾಯಿತು.

ವಿದ್ವಾಂಸರು ಚಪ್ಪಲಿಗೆ ಬಂದಾಗ ಮೇಷ್ಟ್ರ ಅಂಗೈಗೆ ಏನನ್ನೋ ಒತ್ತಿದರು. ಹ್ಯಾಂಡಲು, ಹೇರ್‌ಪಿನ್ ಇನ್ನೂ ಅದರಲ್ಲೇ ಇತ್ತು.

"ಹೇಗಿತ್ತು?"

"ಬಹಳ ಚೆನ್ನಾಗಿತ್ತು, ಸ್ವಾಮಿ," ಎಂದರು ಒಂದು ಸ್ವರವನ್ನೂ ಕೇಳಿರದ ಮೇಷ್ಟ್ರು.

"ಎಲ್ಲಾ ನಿಮ್ಮ ಕಾರಿನ ಗಾಳಿ. ವಾಪಸ್ಸೂ ಅದರಲ್ಲೇ ತಾನೆ?"

ಉತ್ತರಿಸುವ ಮೊದಲೇ ಪರಮಶಿವಯ್ಯನವರ ಹೊಸ ಎ.ಸಿ. ಕಾರು ಬಂದು ನಿಂತಿತು. ಅಶೋಕ ಗುರುಗಳನ್ನು ಒಳಗೆ ಕೂರಿಸಿ, ಮಫ್ಲರ್ ಸುತ್ತಿ, ಮುಂದೆ ಕೂತು ಗುಂಡಿ ಒತ್ತಿಸಿ ಗಾಜುಗಳನ್ನು ಲಾಕ್ ಮಾಡಿಸಿದ. ಮುಚ್ಚಿದ ಗಾಜಿನಾಚೆ ಮುದುಕರ ಕೈ ಬಾಗಿಲಿನ ಮೇಲೆಲ್ಲ ಹ್ಯಾಂಡಲಿಗಾಗಿ ತಡಕುತ್ತಿತ್ತು. ಮೇಷ್ಟ್ರು ತಮ್ಮ ಕೈಯಲ್ಲಿದ್ದುದನ್ನು ನೋಡಿದರು. ಅದನ್ನು ಹಾಕಲು ಆ ಕಾರಿನಲ್ಲಿ ತೂತೇ ಇರಲಿಲ್ಲ.

"ಸಾ, ನಂದು ನಲ್ವತ್ತೆಲ್ಡು," ಎಂದು ಯಾರೋ ಟೋಕನ್ ಚಾಚಿದರು. ಮೇಷ್ಟ್ರು ಹ್ಯಾಂಡಲನ್ನು ಜೇಬಿಗೆ ಹಾಕಿಕೊಂಡು ಚಪ್ಪಲಿ ಹುಡುಕಲು ಬಗ್ಗಿದರು.