ಗೋರೆಗಾಂವ್ ಅತ್ತೆಯ ಬಿದಿರ ಮೆಳೆ

ಕಡಿದ ಬಿದಿರ ಗಳ ಉರುಳಿ ಕೆಳಗೆ ನಿಂತ ಸ್ಕೂಟರಿನ ಮೇಲೆ ಬೀಳಬಹುದಿತ್ತು. ಅಥವಾ ಎರಡನೇ ಮಹಡಿಯ ಎ.ಸಿ. ಡಬ್ಬಿಗೆ ಬಡಿದು, ಆ ಡಬ್ಬಿ ಸ್ಕೂಟರಿನ ಮೇಲೆ ಬೀಳಬಹುದಿತ್ತು. ಕೇಬಲ್ ತಂತಿ ತುಂಡಾಗಿ, ಮ್ಯಾಚಿನ ಕೊನೆಯ ಓವರಿನಲ್ಲಿ ಇಡೀ ಕಟ್ಟಡದ ಟಿ.ವಿ. ಸತ್ತು, ಗಂಡಸರೆಲ್ಲ ನನ್ನನ್ನು ಹುಡುಕಿಕೊಂಡು ಕೆಳಗಿಳಿಯಬಹುದಿತ್ತು. ತರಗೆಲೆಯ ರಾಶಿಯಿಂದ ಹಾವು ಬರಬಹುದಿತ್ತು. ಹಾವು ಬಾರದಿದ್ದರೂ ಬಂತೆಂದುಕೊಂಡು ನಾನೇ ಓಡಿ ಗಟಾರಕ್ಕೆ ಬೀಳಬಹುದಿತ್ತು. ಕತ್ತಿ ಜಾರಿ ಹಾರಿಬಂದು ನನ್ನ ಹೆಬ್ಬೆರಳು ಹೋಗಬಹುದಿತ್ತು; ಆಮೇಲೆ ಬೆರಳೊತ್ತಿ ಮೊಬೈಲು ತೆರೆಯುವುದು ಹೇಗೆ? ಇಷ್ಟನ್ನೂ ನಾನು ಕಾಂದಿವಲಿಯಿಂದ ಗೋರೆಗಾಂವ್‌ಗೆ ಲೋಕಲ್ಲಿನಲ್ಲಿ ನಿಂತು ಬರುವಷ್ಟರಲ್ಲಿ ಯೋಚಿಸಿ ಮುಗಿಸಿದ್ದೆ. ಹತ್ತಿರದ ದಾರಿ, ಇಷ್ಟಕ್ಕೇ ನಿಂತಿತು. ದೂರದ ವಿರಾರ್‌ನಲ್ಲಿ ಮನೆ ಮಾಡಿದ್ದರೆ ಭೂಕಂಪದವರೆಗೆ ಹೋಗಿರುತ್ತಿದ್ದೆ!

ಗೋರೆಗಾಂವ್‌ನಲ್ಲಿರುವವರು ನನ್ನ ಸೋದರತ್ತೆ, ಅಪ್ಪನ ತಂಗಿ. ಉಡುಪಿ ಕಡೆಯಿಂದ ಮದುವೆಯಾಗಿ ಬಂದವರು. ಇಡೀ ಕಟ್ಟಡವನ್ನು ಬರೀ ಒಂದು ಕೋಲಿನಿಂದ ಆಳುತ್ತಿದ್ದಾರೆ ಎಂದರೆ ನೀವು ನಂಬಲಾರಿರಿ. ಇದುವರೆಗೆ ಯಾರಿಗೂ ಹೊಡೆದಿಲ್ಲ, ಕೊಟ್ಟಿದ್ದಾರೆ ಅಷ್ಟೆ.

ಮುಂಬಯಿಯ ಮನೆಗಳಲ್ಲಿ ಬಟ್ಟೆ ಒಣಗುವುದು ಸೂರಿನ ಕೆಳಗೆ. ಮೇಲೆ ಕಟ್ಟಿದ ಹಗ್ಗಕ್ಕೆ ಕೈ ಎಟುಕುವುದಿಲ್ಲ. ಒದ್ದೆ ಬಟ್ಟೆಯನ್ನು ಕೋಲಿನ ತುದಿಗೆ ಸಿಕ್ಕಿಸಿ ಏರಿಸಬೇಕು. ಅತ್ತೆಯ ಮನೆ ನೆಲಮಹಡಿಯಲ್ಲಿದೆ. ಅದರ ಹಿಂದೆ, ಕಾಂಪೌಂಡು ಗೋಡೆಗೆ ತಾಗಿ ಒಂದು ಬಿದಿರ ಮೆಳೆ. ಪ್ರತಿವರ್ಷ ಚಳಿ ಇಳಿಯುವ ಹೊತ್ತಿಗೆ ಅತ್ತೆ ಅದರ ನಡುವಿನ ಮುದಿ ಗಳಗಳನ್ನು ಕಡಿದು, ಬುಡಕ್ಕೆ ಮಣ್ಣು-ಗೊಬ್ಬರ ಏರಿಸಿ, ಕಡಿದದ್ದನ್ನು ಕೋಲು ಮಾಡಿ ಮನೆಮನೆಗೆ ಹಂಚುತ್ತಾರೆ. ಸುಮ್ಮನೆ ಹಂಚುವುದಿಲ್ಲ, ದರ್ಜಿಯ ಹಾಗೆ ಅಳತೆ ತೆಗೆದು ಹಂಚುತ್ತಾರೆ! ಮದುವೆಯಾದ ಹೊಸತರಲ್ಲಿ ನಾವು ಹೋದಾಗ ಬಾಗಿಲಲ್ಲೇ, "ಕೈ ಎತ್ತು ಮಗಾ" ಎಂದರು. ನನ್ನ ಹೆಂಡತಿ ಪೊಲೀಸರಿಗೆ ಸಿಕ್ಕಿಬಿದ್ದವಳಂತೆ ಎರಡೂ ಕೈ ಎತ್ತಿ ನಿಂತಳು. ಬಳೆಯೋ ರವಿಕೆಯೋ ಸಿಗುತ್ತದೆಂದುಕೊಂಡಿದ್ದಳಂತೆ. ಸಿಕ್ಕಿದ್ದು ಕೋಲು!

ಆ ಕೋಲನ್ನು ಲೋಕಲ್ಲಿನಲ್ಲಿ ಮನೆಗೆ ಒಯ್ದದ್ದು ನಾನು. ಒಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ ಬಹಳ ಗೌರವದಿಂದ ಕೇಳಿದ: "ಭಾಯ್‌ಸಾಬ್, ಝಂಡಾ ಕಹಾಂ ಹೈ?" ಧ್ವಜವಿಲ್ಲದ ಕೋಲು ಹಿಡಿದ ನಾನು ಯಾವ ಪಕ್ಷದವನೆಂದು ಕಾಂದಿವಲಿ ಬರುವವರೆಗೂ ರೈಲಿನ ಡಬ್ಬಿಯಲ್ಲಿ ಚರ್ಚೆ ನಡೆಯಿತು.

ಈ ವರ್ಷದ ಗಂಡಾಂತರ ಬೇರೆ. ಗಳಗಳು ವಾಲಿ ಮೇಲಿನವರ ಕಿಟಕಿಯ ಗ್ರಿಲ್ಲಿಗೆ ಉಜ್ಜುತ್ತಿವೆ ಎಂದು ಕಟ್ಟಡದ ಸೊಸೈಟಿಯ ಸೆಕ್ರೆಟರಿ ನೋಟೀಸು ಕೊಟ್ಟಿದ್ದರು. ಬೇಗ ಸರಿಪಡಿಸದಿದ್ದರೆ ಜೆಸಿಬಿ ತಂದು ಮೆಳೆಯನ್ನೇ ಬುಡಸಮೇತ ಕೀಳಿಸುವುದು. ಅತ್ತೆ ಹೆದರಿದರೇ? ಬೆಳದಿಂಗಳ ಪಕ್ಷದಲ್ಲಿ ಕಡಿದರೆ ಬಿದಿರಿಗೆ ಹುಳ ಹಿಡಿಯುತ್ತದೆ, ಚಂದ್ರ ಕರಗುವವರೆಗೆ ತಡೆಯಿರಿ ಎಂದರು.

"ಆಂಟೀ, ನೋಟೀಸ್ ಸೊಸೈಟೀ ಕಾ ಹೈ, ಚಾಂದ್ ಕಾ ನಹೀಂ!" ನೋಟೀಸು ಕೊಟ್ಟದ್ದು ಸೊಸೈಟಿ, ಚಂದ್ರನಲ್ಲ ಎಂದು ಸೆಕ್ರೆಟರಿ ಸಿಡುಕಿದರು.

"ಸೊಸೈಟೀ ಕೋ ತೋ ಪಹಲೇ ಸೇ ಕೀಡಾ ಲಗಾ ಹೈ," ಎಂದರು ಅತ್ತೆ. ಸೊಸೈಟಿಗೆ ಹುಳ ಹಿಡಿದು ಯಾವ ಕಾಲವಾಯಿತೋ! ಸೆಕ್ರೆಟರಿಯ ಮುಖ ಕಪ್ಪಿಟ್ಟಿತು. ಗಡುವು ಮಾತ್ರ ಅಮಾವಾಸ್ಯೆಯ ಹತ್ತಿರದ ಆದಿತ್ಯವಾರಕ್ಕೆ ಜರುಗಿತು.

ಹಾಗೆ ನಾನು ಬಂದದ್ದು. ಪ್ರತಿವರ್ಷವೂ ಬರುತ್ತೇನೆ. ಅತ್ತೆ ಕಡಿಯುತ್ತಾರೆ, ನಾನು ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತ ಹೆದರುತ್ತೇನೆ. ಈ ಸಲ ಕುರ್ಚಿಯ ಬೆನ್ನ ಮೇಲೆ ಒದ್ದೆ ಸೀರೆ ಹರವಿತ್ತು. ಬೆನ್ನಿಗೆ ತಂಪು ತಾಗಿ ನೆಗಡಿಯಾದರೆ? ಎತ್ತಿ ಪಕ್ಕಕ್ಕಿಟ್ಟೆ. ಕಪಾಟಿನ ಮೇಲಿರುತ್ತಿದ್ದ ಚಹಾ-ಸಕ್ಕರೆಯ ಡಬ್ಬಿಗಳು ನೆಲದ ಮೇಲೆ ಸಾಲಾಗಿ ಕೂತಿದ್ದವು. ಇರುವೆ ಬಂದರೆ? ಅದನ್ನೂ ಹೇಳಿದೆ. ಅತ್ತೆ ಕತ್ತಿಯನ್ನು ನನ್ನ ಕೈಗಿಟ್ಟರು.

"ಈ ವರ್ಷ ನೀನೇ ಕಡಿ ಮಾರಾಯ. ನಾನು ಹೇಳಿಕೊಡ್ತೇನೆ."

ಕೊನೆಗೂ ನನ್ನ ಯೋಗ್ಯತೆ ಗುರುತಿಸಿದರಲ್ಲ ಎಂದು ಎದೆಯುಬ್ಬಿಸಿ ಎದ್ದೆ. ಅತ್ತೆ ಒಂದೊಂದೇ ಗಳವನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಟ್ಟು, "ಇದು ಮುದಿ, ಕಡಿ. ಇದು ಎಳೆಯದು, ಮುಟ್ಟಬೇಡ" ಎನ್ನುತ್ತ ಹೋದರು. ವ್ಯತ್ಯಾಸ ನನಗೆ ತಿಳಿಯಲಿಲ್ಲ.

"ಎರಡೂ ಒಂದೇ ಶಬ್ದ ಅಲ್ವಾ ಅತ್ತೆ?"

ಅತ್ತೆ ನನ್ನ ತಲೆಯ ಮೇಲೆ ಎರಡು ಸಲ ತಟ್ಟಿ ಕಿವಿಗೊಟ್ಟರು. "ಇದಕ್ಕಿಂತ ಎರಡೂ ಗಟ್ಟಿ ಉಂಟು. ನೀನು ಕಡಿ."

ಕಡಿದೆ. ಬುಡದ ಗೆಣ್ಣಿನ ಮೇಲಕ್ಕೇ, ನೀರು ನಿಲ್ಲದ ಹಾಗೆ. ಒಂದೊಂದಕ್ಕೂ ಹಗ್ಗ ಕಟ್ಟಿ ಮೆಲ್ಲಗೆ ಇಳಿಸಿದೆ. ವಾಲಿದ್ದವೆಲ್ಲ ಹೋಗಿ ಮೆಳೆ ಕ್ಷೌರ ಮಾಡಿಸಿಕೊಂಡ ಹಾಗೆ ನೆಟ್ಟಗಾಯಿತು. ಅಷ್ಟರಲ್ಲಿ ಸೆಕ್ರೆಟರಿ ಬಂದು, ಮೇಲೆ ನೋಡಿ, ಕೆಳಗೆ ನೋಡಿ, ಯಾಕೋ ಸಮಾಧಾನವಾಗದೆ, ಪೂರ್ತಿ ತೆಗೆಸುವುದೇ ಒಳ್ಳೆಯದಿತ್ತು ಎಂದು ಬಾಯಿ ತೆರೆದರು. ಮೇಲಿನ ಕಿಟಕಿಯಿಂದ ಅವರ ತಾಯಿಯ ದನಿ ಬಂತು.

"ಅಹೋ ತಾಈ, ಮಾಝೀ ಕಾಠೀ ವಿಸರೂ ನಕಾ!"

ತನ್ನ ಕೋಲನ್ನು ಮರೆಯಬೇಡಿ ಎಂದು ಆ ಮುದುಕಿ ಒಂದು ಕೈಯನ್ನು ಗ್ರಿಲ್ಲಿನೊಳಗೇ ಆದಷ್ಟು ಮೇಲೆತ್ತಿ ತೋರಿಸುತ್ತಿದ್ದರು, ಅಳತೆಗೆ! ಸೆಕ್ರೆಟರಿ ತೆರೆದ ಬಾಯಿಯಿಂದ, "ಠೀಕ್ ಹೈ, ಅಚ್ಛಾ ಕಾಮ್ ಕಿಯಾ" ಎಂದಷ್ಟೇ ಹೇಳಿ ಹೊರಟರು. ಮೆಳೆ ಉಳಿಯಿತು. ಸ್ಕೂಟರು, ಎ.ಸಿ., ಕೇಬಲ್ಲು, ಹೆಬ್ಬೆರಳು ಎಲ್ಲ ಉಳಿದವು. ಹಾವು ಬರಲಿಲ್ಲ. ನನ್ನ ಇಷ್ಟು ವರ್ಷದ ಚಿಂತೆಗೆ ಇಂಥ ಅವಮಾನ ಎಂದೂ ಆಗಿರಲಿಲ್ಲ.

ಅತ್ತೆ ಚಹಾ ಮಾಡಲು ಒಳಗೆ ಹೋದಾಗ ನನಗೆ ಹುರುಪು ಬಂತು. ಅವರಿಗೂ ಒಂದು ಕೋಲು ಮಾಡಿಕೊಡೋಣ! ಬಾಗಿಲ ಹಿಂದಿನ ಹಳೆಯ ಕೋಲನ್ನು ತಂದು, ಪಕ್ಕದಲ್ಲಿಟ್ಟು, ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗದಂತೆ ಕಡಿದು, ತುದಿಗೆ ಬಟ್ಟೆ ಸಿಕ್ಕಿಸುವ ಕಚ್ಚು ಹಾಕಿ, ಸಿಬಿರು ಏಳದಂತೆ ಉಜ್ಜಿ ಕೊಟ್ಟೆ. ಅತ್ತೆ ಹೊಸ ಕೋಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮುಖ ಅರಳಿತು. ನಾನು ಪಕ್ಕಕ್ಕಿಟ್ಟಿದ್ದ ಸೀರೆಯನ್ನೇ ತುದಿಗೆ ಸಿಕ್ಕಿಸಿ ಮೇಲಕ್ಕೊಯ್ದರು. ಕೋಲು ಹಗ್ಗದ ಕೆಳಗೇ ನಿಂತಿತು. ಹಿಮ್ಮಡಿ ಎತ್ತಿದರು. ಆಗಲೂ ಮುಟ್ಟಲಿಲ್ಲ.

"ಹಳೇದರ ಅಳತೆಗೇ ಕಡಿದದ್ದಲ್ವಾ, ಅತ್ತೆ?"

"ಕೋಲು ಸರಿ ಉಂಟು ಮಾರಾಯ," ಎಂದರು ಸೀರೆಯನ್ನು ಇಳಿಸಿ ಮತ್ತೆ ಕುರ್ಚಿಯ ಮೇಲೆ ಹರವುತ್ತ. "ಕೈ ಮೇಲೆ ಹೋಗುವುದಿಲ್ಲ ಈಗ."

ಕುರ್ಚಿಯ ಮೇಲಿನ ಸೀರೆ, ನೆಲಕ್ಕಿಳಿದ ಡಬ್ಬಿಗಳು, ನನ್ನ ಕೈಗೆ ಬಂದ ಕತ್ತಿ... ನಾನು ಇರುವೆಯ ಚಿಂತೆ ಮಾಡುತ್ತಿದ್ದೆನಲ್ಲ! ಕಟ್ಟಡದ ಪ್ರತಿಯೊಬ್ಬರ ಅಳತೆಯೂ ಅತ್ತೆಗೆ ಗೊತ್ತು. ಅತ್ತೆಯ ಅಳತೆಯನ್ನು ಯಾರೂ ತೆಗೆದಿರಲಿಲ್ಲ. ರಾಶಿಯಿಂದ ಇನ್ನೊಂದು ಉದ್ದ ಗಳ ಎಳೆದುಕೊಂಡೆ.

"ಕೈ ಎತ್ತಿ, ಅತ್ತೆ."

ನಾಚಿಕೊಂಡು, ಹೊಸ ಮದುಮಗಳ ಹಾಗೆ, ಎಷ್ಟಾಗುತ್ತದೋ ಅಷ್ಟು ಎತ್ತಿದರು. ಕಿವಿಯವರೆಗೆ ಬಂತು.

ಏನೇನೋ ಆಗಬಹುದಿತ್ತು. ಆದದ್ದು ಇಷ್ಟೇ: ಹಳೆಯ ಅಳತೆಯ ಕೋಲು ಅತ್ತೆಗೆ ಒಂದು ಗೇಣು ಗಿಡ್ಡವಾಯಿತು.