ಚರಂಡಿ ಕಾಯುವ ನಮ್ಮ ಭಾವ

ಮಳೆ ಬಂದರೆ ನಮ್ಮ ಭಾವನವರು ಮನೆಯೊಳಗೆ ನಿಲ್ಲುವವರಲ್ಲ. ಊರಿನವರೆಲ್ಲ ಓಡಿಬಂದು ಸೂರಿನಡಿ ಸೇರುವ ಹೊತ್ತಿಗೆ ಇವರು ಕೊಡೆ ಹಿಡಿದು ಹೊರಗೆ ಓಡುತ್ತಾರೆ. ಎಲ್ಲಿಗೆ ಅಂತೀರಿ? ಚರಂಡಿ ನೋಡಲಿಕ್ಕೆ! ದೇವರು ಕೆಲವರಿಗೆ ಇಸ್ಪೀಟಿನ ಹುಚ್ಚು ಕೊಡುತ್ತಾನೆ, ಕೆಲವರಿಗೆ ರಾಜಕೀಯದ್ದು. ನಮ್ಮ ಪಾಲಿಗೆ ಚರಂಡಿ ಕೊಟ್ಟ. ಕುಡಿತ ಕೊಡಲಿಲ್ಲವಲ್ಲ ಎಂದು ನಾನು ದೀಪ ಹಚ್ಚುವಾಗ ಇನ್ನೊಂದು ಸಲ ಕೈ ಮುಗಿಯುತ್ತೇನೆ.

ಮೊದಲಿಂದ ಹೀಗಿರಲಿಲ್ಲ. ನಮ್ಮ ಅಕ್ಕ, ಅಂದರೆ ಭಾವನವರ ಹೆಂಡತಿ, ತೀರಿಕೊಂಡಾಗ ಅಸ್ಥಿ ಬಿಡಲು ಹೇಮಾವತಿ ಹೊಳೆಯ ಮೆಟ್ಟಿಲಿಗೆ ಹೋದೆವು. ಹಿಂದಿನ ಸಂಜೆ ಮಳೆಯಾಗಿತ್ತು. ಗ್ಯಾರೇಜುಗಳ ಮುಂದಿನ ಎಣ್ಣೆಯನ್ನೆಲ್ಲ ತೊಳೆದುಕೊಂಡು ಚರಂಡಿ ನೀರು ಅಲ್ಲಿಗೇ ಬಂದು ಬೀಳುತ್ತಿತ್ತು. ಭಾವ ಮಡಕೆ ಬಗ್ಗಿಸಿದರು. ಬೂದಿ ಮುಂದೆ ಹೋಗಲಿಲ್ಲ. ಆ ಕರಿ ಜಿಡ್ಡಿಗೆ ಅಂಟಿಕೊಂಡು ಮೆಟ್ಟಿಲ ಬಳಿಯೇ ಸುತ್ತತೊಡಗಿತು. ಕೈಯಿಂದ ತಳ್ಳಿದರೂ ತಿರುಗಿ ಬಂತು. ಕಾಲು ತೊಳೆಯದೆ ಹೊಸಿಲು ದಾಟದ ನಮ್ಮ ಅಕ್ಕ!

"ಅವ್ಳು ಹೋಗ್ನಿಲ್ಲ ಕಣಮ್ಮ" ಎಂದರು ಭಾವ. ಅಂದಿನಿಂದ ಶುರು.

ರಸ್ತೆ ಬದಿ ಲಾರಿ ತೊಳೆಯುತ್ತಿದ್ದ ಡ್ರೈವರನಿಗೆ ಗಂಟುಬಿದ್ದರು.

"ಲೋ ಮಾರಾಯ, ಆ ನೀರು ಎಲ್ಲಿಗೆ ಹೋಯ್ತದೆ ಗೊತ್ತೇನೋ?"

"ಚರಂಡಿಗೆ, ಯಜಮಾನ್ರೇ."

"ಚರಂಡಿಯಿಂದ?"

"ಅದು ನಿಮಗೇ ಗೊತ್ತಿರ್ಬೇಕು. ದಿನಾ ಅಲ್ಲೇ ಇರ್ತೀರಲ್ಲ!"

ಇನ್ನು ಬಾಳ್ಳುಪೇಟೆಯಲ್ಲಿ ನಮ್ಮ ತವರಿನವರ ಮದುವೆ. ಧಾರೆಯ ಹೊತ್ತಿಗೆ ಸರಿಯಾಗಿ ಮಳೆ. ಭಾವ ಮಾಯ! ಛತ್ರದ ಹಿಂದೆ, ಪಾತ್ರೆ ತೊಳೆದ ನೀರಿನ ಜಾಡು ಹಿಡಿದು ಹೊರಟುಬಿಟ್ಟಿದ್ದರು. ಬೀಗರು ಕೇಳಿದರೆ ಏನು ಹೇಳಲಿ? "ಅವರಿಗೆ ಸ್ವಲ್ಪ ಕೆಲಸವಿತ್ತು" ಎಂದೆ. ಸುಳ್ಳಲ್ಲವಲ್ಲ!

ಯಾವುದೋ ಊರಿನಲ್ಲಿ ರಸ್ತೆ ಬದಿಗೆ ಅಗಲವಾದ ತೋಡು ತೆಗೆದು, ಜಲ್ಲಿ ಮರಳು ತುಂಬಿ, ಹುಲ್ಲು ಗಿಡ ನೆಟ್ಟು, ಮಳೆನೀರು ಅದರಲ್ಲಿ ಸೋಸಿಕೊಂಡು ಹೋಗುವ ಹಾಗೆ ಮಾಡಿದ್ದಾರಂತೆ. ಕೇಳಿದ್ದೇ ತಡ, ನಮ್ಮಲ್ಲೂ ಅದಕ್ಕೆ ದುಡ್ಡು ತೆಗೆದಿಡಿ ಎಂದು ಪುರಸಭೆಗೆ ಅಲೆದಾಟ. ಸದಸ್ಯರೊಬ್ಬರು ಚುಡಾಯಿಸಿದರಂತೆ: "ಜನ ಕಾಂಕ್ರೀಟ್ ರಸ್ತೆ ಕೇಳ್ತಾವ್ರೆ, ನೀವು ಹುಲ್ಲು ಕೇಳ್ತೀರಲ್ಲ ಯಜಮಾನ್ರೇ! ಮನೇಲಿ ಹಸ ಐತಾ?"

"ಹಸ ಇಲ್ಲ ಕಣಪ್ಪ. ಹೆಂಡ್ತಿ ಅವ್ಳೆ, ಹೊಳೆ ಮೆಟ್ಲತ್ರ."

ಆ ಸದಸ್ಯರೇ ಕೈ ಚಾಚಿ ಅರ್ಜಿ ಈಸಿಕೊಂಡರಂತೆ.

ಆ ಸಲದ ಬಜೆಟ್ಟಿನಲ್ಲಿ ಹಣ ಬಂತು. ಇಡೀ ಊರಿಗಲ್ಲ, ಗ್ಯಾರೇಜಿನಿಂದ ಹೊಳೆಯ ಮೆಟ್ಟಿಲವರೆಗೆ ಮಾತ್ರ. ಅಷ್ಟಾದರೂ ಬಂತಲ್ಲ ತಾಯಿ, ಎಂದುಕೊಂಡೆ. ತೋಡಿನ ತುಂಬ ಲಾವಂಚ, ಕೆಸ ನೆಟ್ಟರು. ಕೆಸ ಸೊಂಪಾಗಿ ಬಂದದ್ದೇ ಬೀದಿಯ ಹೆಂಗಸರು ಪತ್ರೊಡೆಗೆಂದು ಕತ್ತಿ ಹಿಡಿದು ಬಂದರು. ಭಾವ ಅಟ್ಟಿಸಿಕೊಂಡು ಹೋದರು: "ಎಣ್ಣೆ ಕುಡ್ದಿರೋ ಎಲೆ ಕಣ್ರವ್ವಾ! ತಿಂದ್ರೆ ನೀವೂ ಲಾರಿ ಥರ ಹೊಗೆ ಬುಡ್ತೀರ!"

ಈ ವರ್ಷ ಮೊದಲ ದೊಡ್ಡ ಮಳೆ ಬಂತು. ಭಾವ ಕೊಡೆ ಹಿಡಿದು ಓಡಿದರು. ಹೊಳೆ ತುಂಬುವ ಕಾಲಕ್ಕೆ ಗಂಗಮ್ಮನಿಗೆ ಬಾಗಿನ ಬಿಡುತ್ತಿದ್ದವಳು ಅಕ್ಕ. ಅವಳ ಮೊರದಲ್ಲಿ ಅರಿಶಿನ, ಕುಂಕುಮ, ಸೇವಂತಿಗೆ ಇಟ್ಟುಕೊಂಡು ನಾನೂ ಹಿಂದೆಯೇ ಹೋದೆ.

ಮೆಟ್ಟಿಲ ಬಳಿ ಬಗ್ಗಿ ನೋಡಿದೆವು. ನೀರು ತಿಳಿಯಾಗಿಯೇನೂ ಇರಲಿಲ್ಲ, ಮಣ್ಣಿನ ಕೆಂಪಿತ್ತು. ಆದರೆ ಜಿಡ್ಡಿರಲಿಲ್ಲ. ಭಾವ ನೀರಿಗೆ ಕೈಯದ್ದಿ ಬೆರಳು ಉಜ್ಜಿ ನೋಡಿದರು. ಮೂಸಿದರು. ಕೊಡೆ ಮಡಚಿ ಪಕ್ಕಕ್ಕಿಟ್ಟು, ನನ್ನ ಕೈಯಲ್ಲಿದ್ದ ಮೊರದಿಂದ ಒಂದು ಸೇವಂತಿಗೆ ತೆಗೆದು ನೀರಿಗೆ ಬಿಟ್ಟರು. ಹೂವು ಮೆಟ್ಟಿಲ ಹತ್ತಿರ ಒಂದು ಸುತ್ತು ಸುತ್ತಿತು. ಆಮೇಲೆ ಸೆಳವು ಸಿಕ್ಕಿ, ಸರಸರನೆ ಹೊಳೆಯ ನಡುವಿಗೆ ಹೋಯಿತು.

ಭಾವ ಮಳೆಯಲ್ಲಿ ನೆನೆಯುತ್ತಾ ಅದನ್ನೇ ನೋಡುತ್ತಿದ್ದರು.

"ಈಗ ಹೋಗ್ಬುಡು ಕಣೇ" ಎಂದರು. "ಕಾಲಿಗೆ ಏನೂ ಅಂಟಾಕಿಲ್ಲ."