ದಿನಾ ಐದು ಕಿಲೋಮೀಟರ್

ಯಜಮಾನರು ಬೆಳಿಗ್ಗೆ ಆರಕ್ಕೆ ವಾಕಿಂಗ್ ಹೊರಟರೆ ಮನೆ ಸೇರುವುದು ಏಳಕ್ಕೇ. ಹನ್ನೊಂದು ವರ್ಷದಿಂದ ಈ ಮಹಾವ್ರತಕ್ಕೆ ಭಂಗ ಬಂದಿಲ್ಲ. ಮಳೆ ಬಂದರೆ ಕೊಡೆ ಹಿಡಿದು ಹೊರಡುತ್ತಾರೆ. ಹೊರಟು ಬೀದಿ ತಿರುವಿನ ಪೇಪರ್ ಏಜೆಂಟನ ಅಂಗಡಿಯವರೆಗೆ, ಅಂದರೆ ಇನ್ನೂರು ಹೆಜ್ಜೆ, ನಡೆಯುತ್ತಾರೆ. ಆಮೇಲೆ ಬೆಂಚಿನ ಮೇಲೆ ಕೂತು ಅಂದಿನ ಆರೂ ಪತ್ರಿಕೆಗಳಲ್ಲಿ ಅಚ್ಚಿನ ತಪ್ಪು ಹುಡುಕುತ್ತಾರೆ. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಅವರದು. ದಿನವಿಡೀ ಹೊಟ್ಟೆಪಾಡಿಗೆ ತಪ್ಪು ಹುಡುಕುವವರಿಗೆ ಒಂದು ಗಂಟೆಯಾದರೂ ಸಂತೋಷಕ್ಕೆ ಹುಡುಕುವುದು ಬೇಡವೇ? ಏಳಕ್ಕೆ ಐದು ನಿಮಿಷವಿದ್ದಾಗ ಕತ್ತಿಗೂ ಬೆನ್ನಿಗೂ ನೀರು ಚಿಮುಕಿಸಿಕೊಂಡು ಬಂದು ಮೂರು ಮಹಡಿ ಓಡಿ ಹತ್ತುತ್ತಾರೆ. (ಏದುಸಿರು ಮಾತ್ರ ಅಸಲಿ.)

ಆ ಮೂರನೇ ಮಹಡಿಗೆ ನಲ್ಲಿ ನೀರು ಏರುವುದಿಲ್ಲ. ಕೆಳಗಿನ ನಲ್ಲಿಯಲ್ಲಿ ಬರುವುದೂ ಆರರಿಂದ ಏಳರವರೆಗೆ. ಯಜಮಾನರು ಬರುವ ಹೊತ್ತಿಗೆ ಹೆಂಡತಿ ಹನ್ನೆರಡು ಕೊಡ ಹೊತ್ತು ಮುಗಿಸಿ, "ಪಾಪ, ಸುಸ್ತಾಗಿ ಬಂದಿದ್ದೀರಿ, ಕೂತ್ಕೊಳ್ಳಿ" ಎಂದು ಕಾಫಿ ಕೊಡುತ್ತಾಳೆ. ಇಂಥ ಒಂದು ಗಂಟೆಯನ್ನು ಯಜಮಾನರು ಯಾವ ಪದವಿಗೂ ಬಿಟ್ಟುಕೊಡುವವರಲ್ಲ.

ಮೊನ್ನೆ ಮುದ್ರಣಾಲಯದವರು ಕೆಲಸಗಾರರನ್ನೂ ಅವರ ಹೆಂಡಂದಿರನ್ನೂ ಆಸ್ಪತ್ರೆಗೆ ಕರೆಸಿ ಆರೋಗ್ಯ ತಪಾಸಣೆ ಮಾಡಿಸಿದರು. ಫಾರಂನಲ್ಲಿ 'ವ್ಯಾಯಾಮ' ಎಂಬಲ್ಲಿ ಯಜಮಾನರು ದುಂಡಗೆ, 'ದಿನಾ ಐದು ಕಿಲೋಮೀಟರ್ ನಡಿಗೆ, ಹನ್ನೊಂದು ವರ್ಷದಿಂದ' ಎಂದು ಬರೆದರು. ಹೆಂಡತಿ 'ಇಲ್ಲ' ಎಂದು ಬರೆದಳು.

"ಏನಾದ್ರೂ ಬರಿಯೇ, ಮಾನ ಹೋಗುತ್ತೆ."

"ಮಾಡದೇ ಇರೋದನ್ನ ಹೇಗೆ ಬರೀಲಿ ರೀ?"

ಇಂಥ ವಿಷಯಗಳಲ್ಲಿ ಅವಳು ಸ್ವಲ್ಪ ಹಿಂದೆ.

ಮೂರು ನಿಮಿಷ ಮರದ ಪೆಟ್ಟಿಗೆ ಹತ್ತಿ ಇಳಿಯಬೇಕು, ಆಮೇಲೆ ನಾಡಿ ಎಣಿಸುತ್ತಾರೆ. ಹೆಂಡತಿ ಸೆರಗು ಸಿಕ್ಕಿಸಿಕೊಂಡು ಹತ್ತಿ ಇಳಿಯುತ್ತಾ, "ಗ್ಯಾಸ್ ಆರಿಸಿದ್ನಾ ರೀ?" ಎಂದು ಕೇಳಿದಳು. ಯಜಮಾನರು ಎರಡನೇ ನಿಮಿಷಕ್ಕೆ ಪೆಟ್ಟಿಗೆಯ ಮೇಲೇ ಕೂತುಬಿಟ್ಟರು.

ಡಾಕ್ಟರಮ್ಮ ಹೆಂಡತಿಯ ನಾಡಿ ಒಂದೇ ಸಲ ನೋಡಿ 'ತುಂಬ ಚೆನ್ನಾಗಿದೆ' ಎಂದರು. ಯಜಮಾನರ ನಾಡಿ ಎರಡು ಸಲ ನೋಡಿದರು, ಫಾರಂ ಮೂರು ಸಲ.

"ವ್ಯಾಯಾಮ ಇಲ್ದೋರಾಗಿದ್ರೆ ಪರವಾಗಿಲ್ಲ, ಇನ್ಮೇಲೆ ಮೈ ಬಗ್ಗಿಸಿ ಅಂತ ಹೇಳಿ ಕಳಿಸ್ತಿದ್ದೆ. ಹನ್ನೊಂದು ವರ್ಷ ಐದೈದು ಕಿಲೋಮೀಟರ್ ನಡೆದೂ ಹೀಗಿದೆ ಅಂದ್ರೆ ಹೃದಯದಲ್ಲೇ ಏನೋ ಇದೆ. ಈಗಲೇ ಅಡ್ಮಿಟ್ ಆಗಿ. ತೊಡೆಯ ಹತ್ರ ತೂತು ಮಾಡಿ, ನಳಿಕೆ ಹಾಕಿ ನೋಡ್ಬೇಕು."

ಹೆಂಡತಿಯ ಕಣ್ಣಲ್ಲಿ ನೀರು ಬಂತು. "ದಿನಾ ಏದುಸಿರು ಬಿಡ್ತಾ ಬರ್ತಿದ್ರು ಡಾಕ್ಟ್ರೇ. ನಾನೇ ಗಮನಿಸ್ಲಿಲ್ಲ."

ಯಜಮಾನರಿಗೆ ನಳಿಕೆಯೂ ಕಂಡಿತು, ಪತ್ರಿಕೆಗಳೂ ಕಂಡವು. ನಿಜ ಹೇಳಿದರೆ ಆ ಗಂಟೆ ಹೋಗುತ್ತದೆ, ಹೇಳದಿದ್ದರೆ ತೊಡೆ. ಚೌಕಾಸಿ ಮಾಡಿ ನೋಡೋಣವೆಂದುಕೊಂಡರು.

"ಡಾಕ್ಟ್ರೇ, ಆ ಫಾರಂನಲ್ಲಿ ಒಂದು ತಿದ್ದುಪಡಿ ಇದೆ. ಐದಲ್ಲ, ಮೂರು."

"ಮೂರಾದ್ರೂ ಅಡ್ಮಿಟ್ ಆಗ್ಲೇಬೇಕು."

"ಒಂದು."

ಡಾಕ್ಟರಮ್ಮ ಫೋನೆತ್ತಿ ಹಾಸಿಗೆ ಖಾಲಿ ಇದೆಯೇ ಎಂದು ಕೇಳಿದರು.

"ಇನ್ನೂರು ಹೆಜ್ಜೆ, ಡಾಕ್ಟ್ರೇ. ಪೇಪರ್ ಅಂಗಡೀವರೆಗೆ. ಆಮೇಲೆ ಕೂತಿರ್ತೀನಿ."

"ಹೆದರಿಕೆಗೆ ಎಲ್ರೂ ಹೀಗೇ ಹೇಳ್ತಾರೆ. ನಿಮ್ಮ ಹೆಂಡತಿ ಎಷ್ಟು ಧೈರ್ಯವಾಗಿ 'ಇಲ್ಲ' ಅಂತ ಬರೆದಿದ್ದಾರೆ, ನೋಡಿ. ಎಲ್ಲಿ, ಸಾಕ್ಷಿ ಇದೆಯಾ?"

ಇತ್ತು. ಯಜಮಾನರೇ ಪೇಪರ್ ಏಜೆಂಟನಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟರು. ಪುಣ್ಯಾತ್ಮ ಪ್ರಾಮಾಣಿಕ.

"ಹೌದು ಮೇಡಂ, ಹನ್ನೊಂದು ವರ್ಷದಿಂದ ನಮ್ಮ ಬೆಂಚಲ್ಲೇ ಕೂತಿರೋದು. ಒಂದು ದಿನ ತಪ್ಪಿಸಿಲ್ಲ. ಬೆವರಿಗೆ ಅಂತ ಒಂದು ಚೊಂಬು ನೀರೂ ನಾನೇ ಇಟ್ಟಿರ್ತೀನಿ."

ಡಾಕ್ಟರಮ್ಮ ಸಮಾಧಾನದಿಂದ ಅಡ್ಮಿಷನ್ ಚೀಟಿ ಹರಿದರು. "ಹೃದಯ ಗಟ್ಟಿಯಾಗಿದೆ. ಬರೀ ಸೋಮಾರಿತನ."

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಂಡ ಉಳಿದನೆಂಬ ಸಂತೋಷ ಮುಖದಲ್ಲಿ ನಿಜವಾಗಿಯೂ ಇತ್ತು, ಸುಮಾರು ಅರ್ಧ ನಿಮಿಷ. ಆಮೇಲೆ ಕೇಳಿದಳು:

"ಡಾಕ್ಟ್ರೇ, ನನ್ನದು ಹೇಗೆ ಅಷ್ಟು ಚೆನ್ನಾಗಿ ಬಂತು? ನಾನು ಬೆಳಿಗ್ಗೆ ಎದ್ದು ನೀರು ಹೊರ್ತೀನಿ, ಅಷ್ಟೇ."

"ಎಷ್ಟು?"

"ಹನ್ನೆರಡು ಕೊಡ. ಮೂರು ಮಹಡಿ."

"ಅದಕ್ಕಿಂತ ದೊಡ್ಡ ವ್ಯಾಯಾಮ ಬೇಕೇನಮ್ಮ?"

"ಹಾಗಾದ್ರೆ ಇವ್ರಿಗೂ ಅದನ್ನೇ ಬರ್ಕೊಡಿ" ಎಂದಳು ಹೆಂಡತಿ, ತಣ್ಣಗೆ. "ಬೆಳಿಗ್ಗೆ ಆರರಿಂದ ಏಳು ಅಂತ ಬರೀರಿ. ಆ ಹೊತ್ತಲ್ಲಿ ಇವರು ಹೇಗೂ ಬಿಡುವಾಗಿರ್ತಾರೆ."